ಕೊಬ್ಬರಿ ಬಿಟ್ಟೆ, ಬೀಡಿ ಬಿಡಲಿಲ್ಲ

ನಮ್ಮ ಕಡೆ ಕೊಬ್ಬರಿ ಹೇಗೆ ಆಗುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಮಾಡಿಕೊಂಡ ಎಡವಟ್ಟು ಪೂರ್ತಿ ಅರ್ಥವಾಗುವುದಿಲ್ಲ. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಕಾಯಿ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಅದೇ ಉಂಡೆ ಕೊಬ್ಬರಿ. ಮಳೆ ಹಿಡಿದು ಅಟ್ಟದಲ್ಲಿ ತೇವ ಕೂತರೆ ಕಾಯಿ ಒಳಗೊಳಗೇ ಕೊಳೆಯುತ್ತದೆ. ಅದಕ್ಕೆ ನಮ್ಮ ಮನೆಯಲ್ಲಿ ಹಿಂದಿನಿಂದಲೂ ಅಟ್ಟದ ಕೆಳಗೆ ಕಾಯಿ ಸುಲಿದ ಒಣ ಮಟ್ಟೆ ಹಾಕಿ ಸಣ್ಣಗೆ ಹೊಗೆ ಕೊಡುವ ರೂಢಿ. ಹೊಗೆ ತಾಗಿದ್ದು ಕೊಳೆಯುವುದಿಲ್ಲ ಎಂಬುದು ಯಾರೂ ಹೇಳಿಕೊಡದೆ ನಮಗೆಲ್ಲ ಗೊತ್ತಿದ್ದ ಸಂಗತಿ. ನಾನು ಅದನ್ನು ತೆಂಗಿನಕಾಯಿಗೆ ಬಿಟ್ಟುಬಿಡದೆ ನನ್ನ ಮೈಗೂ ಅನ್ವಯಿಸಿದೆ.

ನಾನು ತಿಪಟೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಮಾಡುವವನು. ಊರು ಹಾಲ್ಕುರಿಕೆ ಕಡೆ. ಸ್ವಲ್ಪ ತೋಟ, ಒಂದು ಅಟ್ಟ, ದಿನಾ ಬೈಕಿನಲ್ಲಿ ಅಂಗಡಿಗೆ ಹೋಗಿ ಬರುವ ಬದುಕು. ಸುಟ್ಟುಹೋದ ಮೋಟಾರ್ ಬಿಚ್ಚಿ, ಕರಿಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುತ್ತೇನೆ. ಕೆಟ್ಟದ್ದು ಯಾಕೆ ಕೆಟ್ಟಿತು ಎಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ. 'ರಿಪೇರಿ ಮಾಡಿ ಕೊಡಪ್ಪ, ಪುರಾಣ ಯಾಕೆ' ಎಂದು ರೈತರು ಬೈದರೂ ಅವರನ್ನು ಕೂರಿಸಿಕೊಂಡು ಕೇಳುತ್ತೇನೆ: ವೋಲ್ಟೇಜ್ ಎಷ್ಟಿತ್ತು, ನೀರು ಇತ್ತೋ ಇಲ್ಲವೋ, ಯಾರು ಸ್ವಿಚ್ ಒತ್ತಿದರು. ಈ ವಿಚಾರಣೆಗೆಲ್ಲ ಜೊತೆಗಾರ ಬೀಡಿ. ಕೈಯಲ್ಲಿ ತಂತಿ, ತುಟಿಯಲ್ಲಿ ಬೀಡಿ. ಯೋಚನೆ ಗಟ್ಟಿಯಾದರೆ ಇನ್ನೊಂದು ಬೀಡಿ.

"ಮೋಟ್ರು ಸುಟ್ಟಿರೋ ವಾಸ್ನೆ ಯಾವ್ದು, ನಿಮ್ ವಾಸ್ನೆ ಯಾವ್ದು ಅಂತ್ಲೇ ಗೊತ್ತಾಗಲ್ಲ ಕಣ್ರೀ," ಎನ್ನುತ್ತಿದ್ದಳು ನನ್ನ ಹೆಂಡತಿ ಗಿರಿಜ. ನಾನು ನಗುತ್ತಿದ್ದೆ.

ಸಕ್ಕರೆ ಕಾಯಿಲೆ ಬಂದದ್ದು ಸದ್ದಿಲ್ಲದೆ. ಚಳಿಗಾಲದಲ್ಲೂ ಗಂಟಲು ಒಣಗುತ್ತಿತ್ತು. ಅಂಗಡಿಯಲ್ಲಿ ಇಟ್ಟ ನೀರಿನ ಕ್ಯಾನು ಮಧ್ಯಾಹ್ನಕ್ಕೇ ಖಾಲಿ. ಎದ್ದು ಹಿಂದಿನ ಗೋಡೆಯ ಕಡೆಗೆ ಹೋಗುವುದೇ ಒಂದು ಕೆಲಸವಾಯಿತು. ತೂಕ ಇಳಿದು ಬೆಲ್ಟಿಗೆ ಹೊಸ ತೂತು ಕೊರೆದುಕೊಂಡೆ. ಹೊಟ್ಟೆ ಕರಗಿತಲ್ಲ ಎಂದು ನನಗೆ ಒಳಗೊಳಗೇ ಖುಷಿ. ಗಿರಿಜಳಿಗೆ ಖುಷಿಯಾಗಲಿಲ್ಲ. ಒಂದು ಬೆಳಿಗ್ಗೆ ಕಾಫಿ ಕೊಡದೆ, ಅಂಗಡಿ ಬಾಗಿಲು ತೆಗೆಯಲು ಬಿಡದೆ, ನೇರ ತಿಪಟೂರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಬರಿಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ತಿಂಡಿ ತಿಂದು ಬಂದು ಮತ್ತೊಮ್ಮೆ ಕೊಡಬೇಕು. ನಡುವಿನ ಹೊತ್ತು ವಿಚಿತ್ರ. ಪಕ್ಕದ ಹೋಟೆಲಿಗೆ ಹೋದರೆ ಅಲ್ಲಿ ಕೂತವರಲ್ಲಿ ಮುಕ್ಕಾಲು ಜನ ಮೊಣಕೈ ಮಡಚಿ ಹತ್ತಿ ಹಿಡಿದುಕೊಂಡವರೇ. ಒಬ್ಬ ಹಿರಿಯರು ಮಸಾಲೆ ದೋಸೆ ತಿನ್ನುತ್ತಿದ್ದರು. ನಾಳೆಯಿಂದ ಇದು ಸಿಗುತ್ತದೋ ಇಲ್ಲವೋ ಎಂಬಂತೆ ಒಂದೊಂದು ತುತ್ತಿಗೂ ಪಲ್ಯ ಸರಿಯಾಗಿ ಹಂಚಿಕೊಳ್ಳುತ್ತಿದ್ದರು. ನಾನೂ ಅದನ್ನೇ ತರಿಸಿಕೊಂಡೆ. ಗಿರಿಜ ಬರೀ ಕಾಫಿ ಕುಡಿದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಅವಸರವಿಲ್ಲದವರು. "ಶುಗರ್ ಇದೆ. ಚೆನ್ನಾಗಿಯೇ ಇದೆ," ಎಂದರು. ಆಮೇಲೆ ತಲೆಯೆತ್ತದೆ, "ಬೀಡಿ, ಸಿಗರೇಟು?" ಎಂದು ಕೇಳಿದರು.

"ಯಾವಾಗ್ಲಾದ್ರೂ ಒಂದು ಮೇಡಂ."

ಗಿರಿಜ ನನ್ನ ಕಡೆ ಒಂದು ಸಲ ನೋಡಿದಳು. ಹೊರಗಿನವರ ಮುಂದೆ ಗಂಡನ ಮಾತು ಕಡಿಯುವವಳಲ್ಲ. "ಆ ಒಂದನ್ನೂ ಬಿಡಿ," ಎಂದರು ಡಾಕ್ಟರು. ಗೋಡೆಯ ಮೇಲೆ ಬರೆದ ಉಪದೇಶದ ಥರ ಇದನ್ನೂ ಎಲ್ಲರಿಗೂ ಹೇಳುತ್ತಾರೆ ಎಂದುಕೊಂಡೆ. ಬೀಡಿ ಸೇದಿದರೆ ಎದೆ ಕೆಡುತ್ತದೆ, ಅದು ನನಗೂ ಗೊತ್ತು. ಸಕ್ಕರೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಕಿತ್ತು. ಊರಿನ ಮೋಟಾರಿಗೆಲ್ಲ ಯಾಕೆ ಯಾಕೆ ಎನ್ನುವ ಮನುಷ್ಯ, ಅಲ್ಲಿ ಮಾತ್ರ ಕೇಳಲಿಲ್ಲ.

ಸುದ್ದಿ ಊರಿಗೆ ನಮಗಿಂತ ಮುಂಚೆ ಮುಟ್ಟಿತ್ತು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಕಾಲು ತೆಗೆದ ಕಥೆ ತಂದರು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮಂಡಿ ತನಕ. ನನಗೆ ಹೆದರಿಕೆಯಾಯಿತು. ಸಾಯುವ ಹೆದರಿಕೆಯಲ್ಲ, ಕಾಲಿನ ಹೆದರಿಕೆ. ತೋಟದ ಬದು ಹತ್ತಿ ಇಳಿದು, ಬೋರ್‌ವೆಲ್ಲಿನ ಪೈಪು ಎತ್ತಿಸಿ, ಕೆಸರಲ್ಲಿ ನಿಂತು ಮಾಡುವ ಕೆಲಸ ನನ್ನದು. ಕಾಲಿಲ್ಲದೆ ಅಂಗಡಿಯಲ್ಲಿ ಕೂತು ತಂತಿ ಸುತ್ತಬಹುದಲ್ಲ ಎಂದು ಯಾರೋ ಸಮಾಧಾನ ಹೇಳಿದರು. ಆ ಸಮಾಧಾನಕ್ಕೆ ಇನ್ನೂ ಹೆದರಿದೆ.

ಹೆದರಿದವನು ಏನು ಮಾಡುತ್ತಾನೆ? ನಾನು ಕೊಬ್ಬರಿ ಬಿಟ್ಟೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದಿದ್ದರು ಅಷ್ಟೆ. ಆದರೆ ಊರವರ ಲೆಕ್ಕದಲ್ಲಿ ಎಳನೀರೂ ಸಿಹಿ, ಕಾಯಿಯೂ ಸಿಹಿ, ಕೊಬ್ಬರಿಯಂತೂ ಸಿಹಿಯ ಅಪ್ಪ. ತೆಂಗಿನ ಸೀಮೆಯ ಮನೆಯಲ್ಲಿ ಕಾಯಿ ತುರಿಯುವ ಸದ್ದು ನಿಂತಿತು. ಸಾರು ತೆಳ್ಳಗಾಯಿತು, ಪಲ್ಯ ಬೋಳಾಯಿತು. ಚಿಕ್ಕನಾಯಕನಹಳ್ಳಿಯ ಬೀಗರ ಮನೆ ಊಟಕ್ಕೆ ಹೋದಾಗ, ನನ್ನ ಎಲೆಗೆ ಕಾಯಿ ಬಿದ್ದದ್ದು ಏನೂ ಹಾಕಬೇಡಿ ಎಂದು ಗಿರಿಜ ಮೊದಲೇ ಹೋಗಿ ಹೇಳಿಬಂದಳು. ಕೊನೆಗೆ ನನ್ನ ಎಲೆಯಲ್ಲಿ ಉಳಿದದ್ದು ಮುದ್ದೆ, ಉಪ್ಪು, ಮಜ್ಜಿಗೆ. ಬೀಗರಿಗೆ ಬೇಜಾರಾಯಿತು.

ಹೊಟ್ಟೆ ತುಂಬದ ಜಾಗಕ್ಕೆ ಬೀಡಿ ಬಂತು. ಮೊದಲು ನಾಲ್ಕು ಗಂಟೆಗೆ ಬೋಂಡ ತಿನ್ನುತ್ತಿದ್ದವನು ಈಗ ಬೀಡಿ ಹಚ್ಚುತ್ತಿದ್ದೆ. ಬೀಡಿಯಲ್ಲಿ ಸಕ್ಕರೆ ಎಲ್ಲಿದೆ? ಎಣ್ಣೆ ಇಲ್ಲ, ಹಿಟ್ಟಿಲ್ಲ, ಬೆಲ್ಲವಿಲ್ಲ. ಬರೀ ಹೊಗೆ. ಹೊಗೆಯಿಂದ ಮೈ ಒಣಗುತ್ತದೆಯೇ ಹೊರತು ಕೊಳೆಯುವುದಿಲ್ಲ ಎಂಬ ಅಟ್ಟದ ಲೆಕ್ಕ ನನ್ನೊಳಗೆ ಗಟ್ಟಿಯಾಗಿ ಕೂತಿತ್ತು.

ಮನೆಯಲ್ಲೇ ರಕ್ತ ನೋಡುವ ಚಿಕ್ಕ ಮಿಷನ್ನು ತಂದ ಮೇಲೆ ನನ್ನ ಕುತೂಹಲಕ್ಕೆ ರೆಕ್ಕೆ ಬಂತು. ಮುದ್ದೆ ಉಂಡರೆ ಎಷ್ಟು, ಅನ್ನ ಉಂಡರೆ ಎಷ್ಟು, ಒಂದೇ ಒಂದು ಹಲಸಿನ ತೊಳೆ ತಿಂದರೆ ಎಷ್ಟು ಎಂದು ಬೆರಳು ಚುಚ್ಚಿ ಚುಚ್ಚಿ ನೋಡಿದೆ. ವಿಚಿತ್ರವೆಂದರೆ, ಎಲ್ಲ ಬಿಟ್ಟರೂ ಸಕ್ಕರೆ ಇಳಿಯುತ್ತಿರಲಿಲ್ಲ. ಮಾತ್ರೆ ತಪ್ಪಿಸುತ್ತಿರಲಿಲ್ಲ, ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುತ್ತಿದ್ದೆ. ತಪ್ಪು ಎಲ್ಲಿದೆ ಎಂದು ಒಂದೊಂದನ್ನೇ ಪರೀಕ್ಷೆ ಮಾಡುತ್ತಾ ಹೋದೆ. ಬೀಡಿಯನ್ನು ಮಾತ್ರ ಪರೀಕ್ಷೆಗೆ ಹಚ್ಚಲಿಲ್ಲ. ಅದು ತಿನ್ನುವ ವಸ್ತುವಲ್ಲವಲ್ಲ.

ಹೀಗಿರುವಾಗ ಒಂದು ಸಂಜೆ ಮನೆಗೆ ಬಂದು ನಡುಮನೆ ದಾಟಿದೆ. ಹಿಂದೆ ಗಿರಿಜ ಕೂಗಿಕೊಂಡಳು. ನೆಲದ ಮೇಲೆ ನಾನು ಬಂದ ದಾರಿಯುದ್ದಕ್ಕೂ ರಕ್ತದ ಗುರುತು. ಕಾಲೆತ್ತಿ ನೋಡಿದರೆ ಎಡಗಾಲ ಹೆಬ್ಬೆರಳ ಕೆಳಗೆ ತಾಮ್ರದ ತಂತಿಯ ಚೂರು ಚುಚ್ಚಿಕೊಂಡಿದೆ. ಚಪ್ಪಲಿಯ ಅಡಿ ತೂರಿ ಬಂದಿತ್ತು. ಯಾವಾಗ ಚುಚ್ಚಿತೋ ನನಗೆ ಗೊತ್ತೇ ಆಗಿರಲಿಲ್ಲ.

"ನೋವಾಗ್ಲಿಲ್ವೇನ್ರೀ?"

"ಇಲ್ಲ ಕಣೇ. ಒಳ್ಳೇದೇ ಆಯ್ತಲ್ಲ."

ನಿಜವಾಗಿಯೂ ಒಳ್ಳೆಯದೇ ಎಂದುಕೊಂಡಿದ್ದೆ. ಅರಿಸಿನ ಒತ್ತಿ ಬಟ್ಟೆ ಕಟ್ಟಿದೆವು. ವಾರ ಕಳೆದರೂ ಗಾಯ ಮುಚ್ಚಲಿಲ್ಲ, ಸುತ್ತಲಿನ ಚರ್ಮ ಮೆತ್ತಗೆ ಬೆಳ್ಳಗಾಯಿತು. ಪಕ್ಕದ ಮನೆಯ ಚಿಕ್ಕಪ್ಪ ಬಂದು ನೋಡಿದರು. ನಮ್ಮ ಸುತ್ತಿನಲ್ಲಿ ಅವರಷ್ಟು ಚೆನ್ನಾಗಿ ಕೊಬ್ಬರಿ ಮಾಡುವವರಿಲ್ಲ.

"ತೇವ ಹಿಡ್ದೈತೆ ಕಣ್ಲಾ," ಎಂದರು. "ಮಟ್ಟೆ ಹೊಗೆ ತೋರ್ಸು. ಕೀವು ಕಟ್ಟಲ್ಲ."

ನನಗೂ ಅದೇ ತೋಚಿತ್ತು. ಅಟ್ಟದ ಕೆಳಗೆ ಮಟ್ಟೆ ಹೊತ್ತಿಸಿ, ಬೆಂಕಿ ಏಳದ ಹಾಗೆ ತೌಡು ಉದುರಿಸಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಗಾಯದ ಕಾಲನ್ನು ಹೊಗೆಗೆ ಚಾಚಿ ಕೂತೆ. ಮೇಲೆ ಕಾಯಿಗೂ ಹೊಗೆ, ಕೆಳಗೆ ಕಾಲಿಗೂ ಹೊಗೆ. ಸುಮ್ಮನೆ ಕೂರಲು ಬೇಜಾರಾಗಿ ಬಾಯಿಗೂ ಒಂದು ಬೀಡಿ. ಈಗ ಬರೆಯುತ್ತಾ ನಗು ಬರುತ್ತದೆ, ಆವತ್ತು ನಾನು ಬಲು ಗಂಭೀರವಾಗಿದ್ದೆ. ನಾಲ್ಕೈದು ದಿನ ಈ ಚಿಕಿತ್ಸೆ ನಡೆಯಿತು. ಬಿಸಿ ತಾಗಿದರೂ ತಿಳಿಯದ ಕಾಲು ಅದು ಎಂಬುದು ಮರೆತೇಹೋಗಿತ್ತು. ಒಂದು ದಿನ ಬಟ್ಟೆ ಬಿಚ್ಚಿದ ಗಿರಿಜ ಬಾಯಿಗೆ ಸೆರಗು ಒತ್ತಿಕೊಂಡಳು. ಪಾದದ ಅಂಚಿಗೆ ಬೊಬ್ಬೆ ಎದ್ದು ಒಡೆದಿತ್ತು, ಹೆಬ್ಬೆರಳು ಕಪ್ಪಿಗೆ ತಿರುಗಿತ್ತು.

ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚನ್ನು ನಾನು ಮರೆಯುವುದಿಲ್ಲ. ಅಲ್ಲಿ ಯಾರೂ ಯಾರ ಮುಖ ನೋಡುವುದಿಲ್ಲ, ಎಲ್ಲರೂ ಎಲ್ಲರ ಕಾಲು ನೋಡುತ್ತಾರೆ. ನಾನೂ ನೋಡಿದೆ. ಇದ್ದ ಬೆರಳುಗಳನ್ನು ನೋಡಿದೆ, ಇಲ್ಲದ ಜಾಗಗಳನ್ನೂ ನೋಡಿದೆ. ಗಿರಿಜ ನನ್ನ ಅಂಗಿಯ ಚುಂಗು ಹಿಡಿದುಕೊಂಡು ಕೂತಿದ್ದಳು.

ಡಾಕ್ಟರು ಗಾಯ ನೋಡಿ ಮುಖ ಸಣ್ಣಗೆ ಮಾಡಿದರು. ಆಮೇಲೆ ಒಂದು ಪ್ಲಾಸ್ಟಿಕ್ ಎಳೆ ತೆಗೆದುಕೊಂಡು, "ಕಣ್ಣು ಮುಚ್ಚಿ. ಪಾದಕ್ಕೆ ಇದು ತಾಗಿದ್ದು ಗೊತ್ತಾದಾಗೆಲ್ಲ ಹೂಂ ಅನ್ನಿ," ಎಂದರು. ಕಣ್ಣು ಮುಚ್ಚಿ ಕಾದೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಇವರು ಯಾಕೆ ಇಷ್ಟು ಹೊತ್ತು ಮಾಡುತ್ತಿದ್ದಾರೆ ಎನಿಸಿತು.

"ಶುರು ಮಾಡಿ ಮೇಡಂ," ಎಂದೆ.

"ಮುಗೀತು," ಎಂದರು.

ಕಣ್ಣು ತೆರೆದರೆ ಗಿರಿಜಳ ಕಣ್ಣಲ್ಲಿ ನೀರು. ಅವಳು ಎಲ್ಲ ನೋಡಿದ್ದಳು, ಆ ಎಳೆ ಎಲ್ಲೆಲ್ಲಿ ಒತ್ತಿತು ಎಂಬುದನ್ನು.

ಬೆರಳು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾರೆ, ಕೆಲವು ವಾರ ನೋಡೋಣ, ಕಪ್ಪು ಮೇಲೇರಿದರೆ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಆಮೇಲೆ ಸ್ವಲ್ಪ ಮೂಗು ಅರಳಿಸಿ, "ಹೊಗೆ ವಾಸನೆ. ಯಾವಾಗಲಾದರೂ ಒಂದು ಅಂದಿರಲ್ಲ?" ಎಂದರು.

ಈ ಸಲ ಗಿರಿಜ ಸುಮ್ಮನಿರಲಿಲ್ಲ. "ಕಟ್ಟುಗಟ್ಲೆ ಮೇಡಂ. ಕಾಯಿ ಬುಟ್ರು, ಬೆಲ್ಲ ಬುಟ್ರು, ಬೀಡಿ ಬುಡ್ಲಿಲ್ಲ. ಈ ಕಾಲ್ಗೂ ಹೊಗೆ ಹಾಕವ್ರೆ," ಎಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

ಡಾಕ್ಟರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಟ್ಟಕ್ಕೆ ಹೊಗೆ ಹೇಗೆ ಕೊಡುತ್ತೀರಿ ಎಂದು ಕೇಳಿದರು. ಪೂರ್ತಿ ಕೇಳಿಸಿಕೊಂಡು, "ಕಾಯಿ ಒಳಗೆ ರಕ್ತ ಓಡಾಡಲ್ಲ ಅಲ್ವಾ?" ಎಂದರು. ಆಗ ನಾನೂ ಕೇಳಲು ಶುರುಮಾಡಿದೆ, ಮೊದಲ ದಿನವೇ ಕೇಳಬೇಕಾಗಿದ್ದನ್ನೆಲ್ಲ. ಬೀಡಿಯಲ್ಲಿ ಸಕ್ಕರೆ ಇಲ್ಲವಲ್ಲ ಮೇಡಂ, ಮತ್ತೆ ಹೇಗೆ? ಅವರು ಹೇಳಿದ್ದು ನನ್ನ ತಲೆಗೆ ಹೋದದ್ದು ಹೀಗೆ: ಹೊಗೆ ಸೇದುವವರ ಮೈ ತನ್ನದೇ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಇನ್ಸುಲಿನ್ ಇದ್ದರೂ ಕೆಲಸ ಸಾಗುವುದಿಲ್ಲ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಸೇದುವವರಿಗೆ ಈ ಕಾಯಿಲೆ ಬರುವುದೂ ಹೆಚ್ಚು, ಬಂದ ಮೇಲೆ ಹತೋಟಿಗೆ ತರುವುದೂ ಕಷ್ಟ. ಮೇಲಿಂದ, ಬೀಡಿ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಕಾಲಿನ ತುದಿಗೆ ರಕ್ತವೇ ಸರಿಯಾಗಿ ಇಳಿಯುವುದಿಲ್ಲ. ಲೈನಿನಲ್ಲಿ ಕರೆಂಟ್ ಇದ್ದೂ ಮೋಟಾರ್ ಬರೀ ಗುಂಯ್ ಎಂದು ಬಿಸಿಯಾಗುವುದನ್ನು ಜೀವನವಿಡೀ ನೋಡಿದವನು ನಾನು. ಒಂದು ಚೂರೂ ಹೆಚ್ಚು ವಿವರಿಸಬೇಕಾಗಲಿಲ್ಲ.

"ನನಗೆ ಬರೋಕೆ ಬೀಡಿಯೇ ಕಾರಣವಾ?" ಎಂದು ಕೇಳಿದೆ.

"ನಿಮ್ಮೊಬ್ಬರ ವಿಷಯದಲ್ಲಿ ಇದೇ ಅಂತ ಬೆರಳು ತೋರಿಸೋಕೆ ಆಗಲ್ಲ," ಎಂದರು. "ಅದೂ ಒಂದು. ಬಿಟ್ಟರೆ ಬೆರಳಿಗೆ ಒಳ್ಳೇದು ಅನ್ನೋದನ್ನ ಮಾತ್ರ ಗಟ್ಟಿಯಾಗಿ ಹೇಳಬಲ್ಲೆ."

ಆ ಮಾತು ನನಗೆ ಹಿಡಿಸಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಹೇಳಿದ ಉಳಿದದ್ದನ್ನು ನಂಬಬಹುದು. ಕ್ಲಿನಿಕ್ಕಿನ ಹೊರಗೆ ಬಂದು ಜೇಬಿನಲ್ಲಿದ್ದ ಬೀಡಿ ಕಟ್ಟು, ಬೆಂಕಿಪೊಟ್ಟಣ ಎರಡನ್ನೂ ಗಿರಿಜಳ ಕೈಗೆ ಕೊಟ್ಟೆ. ಅವಳು ಬೀಡಿಯನ್ನು ಚರಂಡಿಗೆ ಎಸೆದು ಬೆಂಕಿಪೊಟ್ಟಣವನ್ನು ಒಲೆಗೆ ಬೇಕು ಎಂದು ಬ್ಯಾಗಿಗೆ ಹಾಕಿಕೊಂಡಳು.

ಬಿಟ್ಟದ್ದು ಸುಲಭವಾಗಿತ್ತು ಎಂದು ಬರೆದರೆ ಓದುವ ಬೀಡಿಯವರು ನನ್ನನ್ನು ನಂಬುವುದಿಲ್ಲ. ತುಟಿಗೆ ಕೆಲಸವಿಲ್ಲದೆ ತಂತಿ ಸುತ್ತಿದರೆ ಕೈ ತಪ್ಪುತ್ತಿತ್ತು. ಸಿಟ್ಟು ಮೂಗಿನ ತುದಿಯಲ್ಲಿ. ಒಬ್ಬ ರೈತರ ಮೋಟಾರನ್ನು, ಅವರದೇನೂ ತಪ್ಪಿಲ್ಲದೆ, ತೆಗೆದುಕೊಂಡು ಹೋಗಿ ಎಂದುಬಿಟ್ಟೆ. ಒಂದು ಮಧ್ಯಾಹ್ನ ತಡೆಯಲಾರದೆ ಎದುರಿನ ಪೆಟ್ಟಿಗೆ ಅಂಗಡಿಗೆ ಕುಂಟುತ್ತಾ ಹೋದೆ. ಅಂಗಡಿಯ ರಾಜಣ್ಣ ನನ್ನ ಓರಗೆಯವನು, ನನ್ನ ಬೀಡಿಯಿಂದಲೇ ಅರ್ಧ ವ್ಯಾಪಾರ ಆಗುತ್ತಿದ್ದವನು. ನನ್ನ ಕಾಲಿನ ಪಟ್ಟಿ ನೋಡಿ, "ನಿಂಗೆ ಕೊಡಲ್ಲ ಹೋಗ್ಲಾ," ಎಂದ. "ಬೇರೆ ಕಡೆ ತಗೋತೀನಿ ಬುಡು," ಎಂದೆ. "ತಗೋ ಹೋಗು. ನನ್ ಕೈಯಿಂದ ಬ್ಯಾಡ," ಎಂದು ಒಂದು ಏಲಕ್ಕಿ ಕೊಟ್ಟ. ಆ ಕಾಲಿನಲ್ಲಿ ಬೇರೆ ಅಂಗಡಿಯ ತನಕ ನಡೆಯುವುದು ಆಗುತ್ತಿರಲಿಲ್ಲ. ಏಲಕ್ಕಿ ಜಗಿಯುತ್ತಾ ವಾಪಸ್ ಬಂದೆ.

ಆಮೇಲೆ ನಡೆದದ್ದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬೀಡಿ ಬಿಟ್ಟ ಮೇಲೆ ನನ್ನ ಸಕ್ಕರೆ ಇಳಿಯಲಿಲ್ಲ, ಏರಿತು! ಹಸಿವು ಹೆಚ್ಚಾಗಿತ್ತು, ಮೈ ತುಂಬಿಕೊಂಡಿತ್ತು. ಮಿಷನ್ನಿನ ಅಂಕಿ ನೋಡಿ ನನಗೆ ಹೆದರಿಕೆಗಿಂತ ಗೆದ್ದ ಖುಷಿಯೇ ಮುಂದಾಯಿತು. ನೋಡು, ಬೀಡಿಯೇ ಸಕ್ಕರೆಯನ್ನು ಹಿಡಿದಿಟ್ಟಿತ್ತು ಎಂದು ಗಿರಿಜಳಿಗೆ ತೋರಿಸಿದೆ. ಅವಳು ಅಂಕಿ ನೋಡಲಿಲ್ಲ. ನನ್ನ ಕಾಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು, "ಇದುನ್ನ ನೋಡ್ರೀ ಮೊದ್ಲು. ಕಪ್ಪು ನಿಂತೈತೆ, ಮ್ಯಾಲಕ್ಕೆ ಹೋಗಿಲ್ಲ," ಎಂದಳು. "ನಿಮ್ ಪರೀಕ್ಷೆ ಆಮ್ಯಾಕೆ. ಡಾಕ್ಟ್ರುನ್ನ ಕೇಳದೆ ಬೀಡಿ ಮುಟ್ಟಿದ್ರೆ ನಾನು ಈ ಕಾಲು ಮುಟ್ಟಲ್ಲ."

ಕೇಳಲು ಹೋದೆ. ಡಾಕ್ಟರು ನಕ್ಕರು. ಬಿಟ್ಟ ಹೊಸತರಲ್ಲಿ ಕೆಲವರಿಗೆ ಹೀಗಾಗುವುದುಂಟು, ತಿನ್ನುವುದು ಹೆಚ್ಚಾಗಿ ತೂಕ ಏರುತ್ತದೆ, ಸ್ವಲ್ಪ ಕಾಲ ಕಳೆದರೆ ಸರಿಹೋಗುತ್ತದೆ ಎಂದು ಮಾತ್ರೆ ಬದಲಿಸಿದರು. ಅಂದು ಡಾಕ್ಟರನ್ನು ಕೇಳದೆ ಬೀಡಿಗಾಗಿ ರಾಜಣ್ಣನ ಅಂಗಡಿ ದಾಟಿ ಹೋಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಯೋಚಿಸುತ್ತೇನೆ. ಹಾಗೆ ಬೀಡಿಗೆ ಹಿಂದಿರುಗಿ ಹೋದವರು ಎಷ್ಟು ಜನರೋ.

ಗಾಯ ಮುಚ್ಚಲು ಬಹಳ ಕಾಲ ಹಿಡಿಯಿತು. ಸಿಸ್ಟರು ಪ್ರತಿ ಸಲ ಸತ್ತ ಚರ್ಮ ಕತ್ತರಿಸಿ ತೆಗೆಯುತ್ತಾ ಸೊಪ್ಪಿನ ಬೆಲೆ, ಬಸ್ಸಿನ ರಶ್ಶು, ತಮ್ಮ ಅತ್ತೆಯ ಮಾತು ಎಲ್ಲ ಹೇಳುತ್ತಿದ್ದರು. ನನ್ನ ಕಾಲು ಬಿಟ್ಟು ಬೇರೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದರು. ಅದು ಎಂಥ ಉಪಕಾರ ಎಂಬುದು ಆ ಮಂಚದ ಮೇಲೆ ಮಲಗಿದವರಿಗೇ ಗೊತ್ತು. ಒಂದು ದಿನ ಮಾತು ನಿಲ್ಲಿಸಿ, "ಕೆಂಪು ಚರ್ಮ ಬರ್ತಾ ಇದೆ ಸಾರ್," ಎಂದರು. ಗಿರಿಜ ಓಡಿಬಂದು ಬಗ್ಗಿ ನೋಡಿದಳು. ನಾನೂ ನೋಡಿದೆ, ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ.

ಬೆರಳು ಉಳಿಯಿತು. ಉಗುರು ಹೋಯಿತು, ತುದಿ ಸ್ವಲ್ಪ ಸೊಟ್ಟಗಾಯಿತು, ಆದರೆ ನನ್ನದೇ ಬೆರಳು. ಉಳಿಸಿದ್ದು ಮಾತ್ರೆಯೋ, ಡ್ರೆಸ್ಸಿಂಗೋ, ಬೀಡಿ ಬಿಟ್ಟದ್ದೋ? ಇದನ್ನು ಬಿಡಿಸಿ ನೋಡುವ ದಾರಿಯಿಲ್ಲ. ಬೀಡಿ ಸೇದುತ್ತಲೇ ಇರುವ ಇನ್ನೊಬ್ಬ ನಾನು ಎಲ್ಲಾದರೂ ಸಿಕ್ಕಿದ್ದರೆ ಅವನ ಕಾಲು ನೋಡಬಹುದಿತ್ತು. ಸಕ್ಕರೆಯೂ ನಿಧಾನವಾಗಿ ಹತೋಟಿಗೆ ಬಂತು. ಕಾಯಿಲೆ ಹೋಗಿಲ್ಲ, ಹೋಗುವುದಿಲ್ಲವಂತೆ. ಕಾಯಿ ಚಟ್ನಿ ಮಿತಿಯಲ್ಲಿ ತಿನ್ನಬಹುದು ಎಂದು ಡಾಕ್ಟರು ಹೇಳಿದ ದಿನ ಗಿರಿಜ ತುರಿಯುವ ಮಣೆ ತೊಳೆದು ಬಿಸಿಲಿಗೆ ಇಟ್ಟಳು. ಪಾಪ, ತೆಂಗಿನಕಾಯಿಗೆ ನಾವು ಸುಮ್ಮನೆ ಶಿಕ್ಷೆ ಕೊಟ್ಟಿದ್ದೆವು.

ಕಾಲಿಗೆ ಮುಟ್ಟಿದ್ದು ಈಗಲೂ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಬಾರದು, ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಂಡೇ ಇರಬೇಕು ಎಂದಿದ್ದಾರೆ. ನಮ್ಮ ಮನೆಯಲ್ಲಿ ಸರಿ. ಬೇರೆಯವರ ಮನೆಯಲ್ಲಿ? ಚಪ್ಪಲಿ ಹಾಕಿಕೊಂಡು ಒಬ್ಬರ ನಡುಮನೆಗೆ ಕಾಲಿಡುವುದು ನಮ್ಮ ಕಡೆ ಉಂಟೇ? ನಾನು ಹೊಸಿಲ ಹೊರಗೆ ನಿಂತೇ ಮಾತಾಡಿ ಬರುವುದನ್ನು ರೂಢಿ ಮಾಡಿಕೊಂಡೆ. ಊಟದ ಕರೆಗಳನ್ನೂ ಬಿಟ್ಟೆ.

ಹೋದ ತಿಂಗಳು ಮಾಯಸಂದ್ರದ ಒಂದು ಮನೆಯಿಂದ ಬೋರ್‌ವೆಲ್ ಮೋಟಾರ್ ಏಳುತ್ತಿಲ್ಲ ಎಂದು ಕರೆ ಬಂತು. ಹೋದರೆ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ ಇದ್ದದ್ದು ನಡುಮನೆಯ ಗೋಡೆಯಲ್ಲಿ, ದೇವರ ಮನೆಯ ಪಕ್ಕದಲ್ಲೇ. ಮನೆಯಲ್ಲಿ ವಯಸ್ಸಾದ ಒಬ್ಬ ಅಮ್ಮ ಮತ್ತು ಅವರ ಸೊಸೆ. ನಾನು ಬಾಗಿಲಲ್ಲೇ ನಿಂತೆ. "ಅಮ್ಮ, ನಾನು ಚಪ್ಪಲಿ ಬಿಡಂಗಿಲ್ಲ. ಸಕ್ಕರೆ ಕಾಯಿಲೆ, ಕಾಲಿಗೆ ಗಾಯ ಆಗಿತ್ತು. ಇನ್ನೊಬ್ಬರನ್ನ ಕಳಿಸ್ತೀನಿ," ಎಂದೆ.

ಅವರು ನನ್ನ ಕಾಲನ್ನೇ ನೋಡಿದರು. "ಬೀಡಿ ಸೇದ್ತಿದ್ದೇನಪ್ಪ?"

"ಸೇದ್ತಿದ್ದೆ ಅಮ್ಮ. ಬಿಟ್ಟೆ. ನಿಮಗೆ ಹೆಂಗೆ ಗೊತ್ತಾಯ್ತು?"

ಅವರು ಬಾಗಿಲ ಹಿಂದಿನ ಗೂಡಿನಿಂದ ಒಂದು ಜೊತೆ ಗಂಡಸರ ಚಪ್ಪಲಿ ತೆಗೆದು ತೋರಿಸಿದರು. ಬಲಗಾಲಿನದು ಹಿಮ್ಮಡಿಯ ಜಾಗದಲ್ಲಿ ತೂತಾಗುವಷ್ಟು ಸವೆದಿತ್ತು. ಎಡಗಾಲಿನದರ ಅಡಿಗೆ ಮಣ್ಣೇ ತಾಗಿರಲಿಲ್ಲ.

"ನಮ್ ಯಜಮಾನ್ರುದು," ಎಂದರು. "ಹೊಸ್ದು ತಂದ್ರು, ಆಸ್ಪತ್ರೇಲಿ ಎಡಗಾಲು ತೆಗುದ್ರು. ಒಂದುನ್ನ ಸವೆಸಿ ಹೋದ್ರು." ಚಪ್ಪಲಿಗಳನ್ನು ಗೂಡಿಗೆ ಇಟ್ಟು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತರು.

"ಎಲ್ಡೂ ಹಾಕ್ಕಂಡೇ ಒಳಿಕ್ಕೆ ಬಾ ಮಗ."